ಮಗು ಯಾಕೆ ಮಲಗಲ್ಲ? ನಿದ್ದೆಯ ಲೂಪನ್ನ ಬಿಚ್ಚಿ ನೋಡೋಣ



ಇಂಟರ್ನಲ್ಸ್ ಹಿಂದಿನ ರಾತ್ರಿ ನಮಗೆ ನಿದ್ದೆ ಬರದಿದ್ರೆ ಕಾರಣ ನಮಗೇ ಗೊತ್ತಿರುತ್ತೆ. ಆದ್ರೆ ಸಿಲಬಸ್ ಇಲ್ಲ, ಬ್ಯಾಕ್‌ಲಾಗ್ ಇಲ್ಲ, ಪ್ಲೇಸ್‌ಮೆಂಟ್ ಚಿಂತೆಯೂ ಇಲ್ಲದ ನಾಲ್ಕು ವರ್ಷದ ಮಗುವಿಗೆ ರಾತ್ರಿ ಹತ್ತೂವರೆಯಾದ್ರೂ ನಿದ್ದೆ ಯಾಕೆ ಬರಲ್ಲ? ಈ ಸಲದ ಲೇಖನ ಈ ಪ್ರಶ್ನೆ ಬಗ್ಗೆ.

"ಮಕ್ಕಳ ವಿಷಯ ನಮಗ್ಯಾಕೆ?" ಅನ್ನಬೇಡಿ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಪುಟ್ಟ ತಮ್ಮ ತಂಗಿ ಇದ್ದಾರೆ, ಅಕ್ಕನ ಮಗು ಇದೆ. ಮಗು ಮಲಗದೇ ಇದ್ದಾಗ ಮನೆಯಲ್ಲಿ ಒಬ್ಬರು "ಹಠ" ಅಂತಾರೆ. ಇನ್ನೊಬ್ಬರು "ದೃಷ್ಟಿ ಆಗಿದೆ" ಅಂತ ಉಪ್ಪು, ಮೆಣಸಿನಕಾಯಿ ನಿವಾಳಿಸ್ತಾರೆ. ಕೆಲವರು ಶೀತದ ಸಿರಪ್ ಬಾಟಲಿ ಹುಡುಕ್ತಾರೆ. ಮೊದಲ ಎರಡರಿಂದ ದೊಡ್ಡ ನಷ್ಟ ಇಲ್ಲ, ಮೂರನೇದು ಅಪಾಯ. ಅದಕ್ಕೇ ಈ ವಿಷಯ ಸ್ವಲ್ಪ ಗಂಭೀರವಾಗಿ ತಿಳ್ಕೊಳ್ಳಬೇಕು ಅನ್ನಿಸ್ತು.

ಇಡೀ ಲೇಖನದ ಸಾರ ಇಷ್ಟೇ: ಚಿಕ್ಕ ಮಕ್ಕಳ ನಿದ್ರಾಹೀನತೆ ಹೆಚ್ಚಿನ ಸಲ ಮಗುವಿನೊಳಗಿನ ಕೆಟ್ಟ ಪಾರ್ಟ್ ಅಲ್ಲ. ಮಗು ಮತ್ತು ಮಲಗಿಸೋರು ಸೇರಿ ಗೊತ್ತಿಲ್ಲದೇ ಕಲಿತ ಒಂದು ಲೂಪ್. ಕಲಿತದ್ದನ್ನ ಬದಲಾಯಿಸಬಹುದು.

1. ಯಾವುದನ್ನ ನಿದ್ರಾಹೀನತೆ ಅಂತಾರೆ?

ಒಂದೆರಡು ರಾತ್ರಿ ಮಲಗದಿದ್ರೆ ಅದು ನಿದ್ರಾಹೀನತೆ ಅಲ್ಲ. ನಿದ್ದೆಯ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣದ ಮೂರನೇ ಆವೃತ್ತಿ 2014ರಲ್ಲಿ ಬಂತು. ಅದರ ಪ್ರಕಾರ ವಾರಕ್ಕೆ ಕನಿಷ್ಠ 3 ರಾತ್ರಿ, ಕನಿಷ್ಠ 3 ತಿಂಗಳು ತೊಂದರೆ ಇರಬೇಕು. ಅದರಿಂದ ಹಗಲು ಮಗುವಿಗೋ ಮನೆಯವರಿಗೋ ಕಷ್ಟ ಆಗ್ತಿರಬೇಕು. ತುಂಬಾ ಮುಖ್ಯವಾದ ಇನ್ನೊಂದು ಷರತ್ತು, ಮಲಗೋಕೆ ಸಾಕಷ್ಟು ಸಮಯ ಮತ್ತು ಸರಿಯಾದ ಜಾಗ ಇದ್ದೂ ನಿದ್ದೆ ಬರ್ತಿಲ್ಲ ಅಂತಿರಬೇಕು.

ಈ ಕೊನೆಯ ಷರತ್ತನ್ನ ನಾವು ಮರೀತೀವಿ. ಅಪ್ಪ ಅಮ್ಮ ಕೆಲಸದಿಂದ ಬರೋದೇ ಒಂಬತ್ತಕ್ಕೆ, ಊಟ ಹತ್ತಕ್ಕೆ, ಬೆಳಗ್ಗೆ ಆರೂಕಾಲಿಗೆ ಸ್ಕೂಲ್ ವ್ಯಾನ್ ಅಂದ್ರೆ ಆ ಮಗುವಿಗೆ ಇರೋದು ನಿದ್ರಾಹೀನತೆ ಅಲ್ಲ, ಸಮಯದ ಕೊರತೆ. ಅಲ್ಲಿ ರಿಪೇರಿ ಆಗಬೇಕಾದ್ದು ಮನೆಯ ಟೈಮ್‌ಟೇಬಲ್.

ಎಷ್ಟು ನಿದ್ದೆ ಬೇಕು? ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಚಿಕ್ಕ ಮಕ್ಕಳಿಗೆ ಹಗಲು ನಿದ್ದೆಯೂ ಇದರಲ್ಲೇ ಸೇರಿದೆ:

- 4ರಿಂದ 12 ತಿಂಗಳು: 12ರಿಂದ 16 ಗಂಟೆ
- 1ರಿಂದ 2 ವರ್ಷ: 11ರಿಂದ 14 ಗಂಟೆ
- 3ರಿಂದ 5 ವರ್ಷ: 10ರಿಂದ 13 ಗಂಟೆ
- 6ರಿಂದ 12 ವರ್ಷ: 9ರಿಂದ 12 ಗಂಟೆ
- 13ರಿಂದ 18 ವರ್ಷ: 8ರಿಂದ 10 ಗಂಟೆ

ಇದೇನು ಅಪರೂಪದ ಸಮಸ್ಯೆ ಅಲ್ಲ. ಚಿಕ್ಕ ಮಕ್ಕಳಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಮಲಗೋ ಹೊತ್ತಿನ ಗಲಾಟೆ ಅಥವಾ ರಾತ್ರಿ ಪದೇ ಪದೇ ಏಳೋ ತೊಂದರೆ ಇರುತ್ತೆ. ಆರು ತಿಂಗಳೊಳಗಿನ ಕೂಸು ಹಾಲಿಗೆ ಏಳೋದು ಮಾತ್ರ ತೊಂದರೆಯೇ ಅಲ್ಲ, ಅದು ಸಹಜ.

2. ನಿದ್ದೆ ಬರೋದು ಹೇಗೆ? ಒಂದು ಕೆಪಾಸಿಟರ್, ಒಂದು ಗಡಿಯಾರ

1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಅನ್ನೋ ವಿಜ್ಞಾನಿ ನಿದ್ದೆಗೆ ಎರಡು ಪ್ರೊಸೆಸ್‌ಗಳ ಮಾಡೆಲ್ ಕೊಟ್ಟರು. ನಮ್ಮಂಥವರಿಗೆ ಅಂತಾನೇ ಮಾಡಿದ ಹಾಗಿದೆ.

ಮೊದಲನೇದು ಪ್ರೊಸೆಸ್ ಎಸ್, ಅಂದ್ರೆ ನಿದ್ದೆಯ ಒತ್ತಡ. ಇದು ಆರ್‌ಸಿ ಸರ್ಕ್ಯೂಟ್ ಥರ. ಎಚ್ಚರ ಇದ್ದಷ್ಟು ಹೊತ್ತು ಚಾರ್ಜ್, ಮಲಗಿದಾಗ ಡಿಸ್ಚಾರ್ಜ್. ದೊಡ್ಡವರಲ್ಲಿ ಚಾರ್ಜಿಂಗ್ ಟೈಮ್ ಕಾನ್‌ಸ್ಟಂಟ್ ಸುಮಾರು 18 ಗಂಟೆ, ಡಿಸ್ಚಾರ್ಜಿಂದು ಸುಮಾರು 4 ಗಂಟೆ. ಚಿಕ್ಕ ಮಕ್ಕಳಲ್ಲಿ ಚಾರ್ಜ್ ಇನ್ನೂ ಬೇಗ ಆಗುತ್ತೆ, ಅದಕ್ಕೇ ಅವರಿಗೆ ಮಧ್ಯಾಹ್ನ ನಿದ್ದೆ ಬೇಕಾಗೋದು. ಈಗ ಒಂದು ಲೆಕ್ಕ ಮಾಡಿ. ದೊಡ್ಡವರ 4 ಗಂಟೆಯನ್ನೇ ಇಟ್ಟುಕೊಂಡ್ರೂ ಒಂದೂವರೆ ಗಂಟೆ ನಿದ್ದೆಯಲ್ಲಿ ಸುಮಾರು ಮೂರನೇ ಒಂದು ಭಾಗ ಖಾಲಿ. ಅಂದ್ರೆ ಸಂಜೆ ನಾಲ್ಕಕ್ಕೆ ಮಲಗಿ ಐದೂವರೆಗೆ ಎದ್ದ ಮಗುವನ್ನ ಎಂಟೂವರೆಗೆ "ಮಲಗು" ಅಂದ್ರೆ, ಪಾಪ, ಅದರ ಹತ್ರ ಚಾರ್ಜೇ ಇಲ್ಲ.

ಈ ಒತ್ತಡದ ಹಿಂದಿರೋ ಒಂದು ಮುಖ್ಯ ರಾಸಾಯನಿಕ ಅಡಿನೋಸಿನ್. ಕೆಫೀನ್ ಹೋಗಿ ಕೂರೋದು ಅದೇ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ. ಸಂಜೆ ಬಿಸ್ಕೆಟ್ ಅದ್ದೋಕೆ ಅಂತ ಮಗುವಿಗೂ ಅರ್ಧ ಲೋಟ ಕಾಫಿ, ಟೀ ಕೊಡೋ ಮನೆಗಳು ನಮ್ಮ ಕಡೆ ಎಷ್ಟಿಲ್ಲ ಹೇಳಿ!

ಎರಡನೇದು ಪ್ರೊಸೆಸ್ ಸಿ, ಮೆದುಳಿನ ಗಡಿಯಾರ. ಅದು ತನ್ನಷ್ಟಕ್ಕೆ ಬಿಟ್ರೆ 24 ಗಂಟೆಗಿಂತ ಸ್ವಲ್ಪ ನಿಧಾನ ಓಡುತ್ತೆ. ಪ್ರತಿದಿನ ಅದನ್ನ ಸಿಂಕ್ ಮಾಡೋದು ಬೆಳಕು. ಕತ್ತಲಾದ್ಮೇಲೆ ಮೆಲಟೋನಿನ್ ಏರುತ್ತೆ, ದೇಹಕ್ಕೆ ರಾತ್ರಿ ಆಯ್ತು ಅಂತ ಸುದ್ದಿ ಹೋಗುತ್ತೆ. ಮಕ್ಕಳ ಕಣ್ಣು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮ. 2018ರಲ್ಲಿ ಕೊಲರಾಡೋದ ಸಂಶೋಧಕರು 3ರಿಂದ 5 ವರ್ಷದ ಮಕ್ಕಳಿಗೆ ಮಲಗೋ ಮುಂಚೆ ಒಂದು ಗಂಟೆ ಸುಮಾರು 1000 ಲಕ್ಸ್ ಬೆಳಕು ಕೊಟ್ಟು ನೋಡಿದ್ರು. ಮೆಲಟೋನಿನ್ ಸುಮಾರು ಶೇ. 88ರಷ್ಟು ಇಳಿದಿತ್ತು. ನಮ್ಮ ಹಾಲ್‌ನ ಟ್ಯೂಬ್‌ಲೈಟ್ ಅಷ್ಟು ಪ್ರಖರ ಅಲ್ಲ, ಮೊಬೈಲ್ ಅಂತೂ ಅಲ್ಲವೇ ಅಲ್ಲ. ಆದ್ರೂ ಮಲಗೋ ಒಂದು ಗಂಟೆ ಮುಂಚೆ ಲೈಟ್ ತಗ್ಗಿಸಿ ಅಂತ ಯಾಕೆ ಹೇಳ್ತಾರೆ ಅನ್ನೋದು ಇದರಿಂದ ಅರ್ಥ ಆಗುತ್ತೆ.

ಇನ್ನೊಂದು ವಿಚಿತ್ರ ಇದೆ. ನಿದ್ದೆ ಬರೋ ಹೊತ್ತಿಗೆ ಒಂದೆರಡು ಗಂಟೆ ಮುಂಚೆ ಈ ಗಡಿಯಾರ ಎಚ್ಚರದ ಸಿಗ್ನಲ್ಲನ್ನ ಜೋರಾಗಿ ಕಳಿಸುತ್ತೆ. ರಾತ್ರಿ ಒಂಬತ್ತಕ್ಕೆ ಮಗು ಸೋಫಾದಿಂದ ಸೋಫಾಗೆ ಹಾರೋದು ಕೊಬ್ಬಿನಿಂದ ಅಲ್ಲ, ಈ ಸಿಗ್ನಲ್‌ನಿಂದಲೂ ಇರಬಹುದು. ಆ ಹೊತ್ತಲ್ಲಿ ಬಲವಂತವಾಗಿ ಮಲಗಿಸಿದ್ರೆ ಮಗು ಎರಡು ಗಂಟೆ ಹೊರಳಾಡುತ್ತೆ, ಅಳುತ್ತೆ, ಬೈಸಿಕೊಳ್ಳುತ್ತೆ. ಕೊನೆಗೆ "ಹಾಸಿಗೆ ಅಂದ್ರೆ ಜಗಳದ ಜಾಗ" ಅಂತ ಕಲಿಯುತ್ತೆ.

3. ಲೂಪ್ ಒಂದು: ತೂಗಿದ್ರೆ ಮಾತ್ರ ನಿದ್ದೆ

ರಾತ್ರಿ ಬಸ್ಸಲ್ಲಿ ಊರಿಗೆ ಹೋಗೋವಾಗ ಗಮನಿಸಿದೀರಾ? ಬಸ್ ಓಡ್ತಿದ್ದಷ್ಟು ಹೊತ್ತು ಗಾಢ ನಿದ್ದೆ. ಟೀ ಕುಡಿಯೋಕೆ ಅಂತ ಹೋಟೆಲ್ ಮುಂದೆ ನಿಲ್ಲಿಸಿದ ತಕ್ಷಣ ಎಚ್ಚರ. ಎಬ್ಬಿಸಿದ್ದು ಸದ್ದಲ್ಲ, ಸದ್ದು ನಿಂತಿದ್ದು. ಮಲಗುವಾಗ ಇದ್ದ ಪರಿಸ್ಥಿತಿ ಬದಲಾಯ್ತು ಅಷ್ಟೇ.

ನಿದ್ದೆ ಅಂದ್ರೆ ಒಂದೇ ಉದ್ದದ ಗೆರೆ ಅಲ್ಲ, ಸುತ್ತುಗಳು. ದೊಡ್ಡವರಲ್ಲಿ ಒಂದು ಸುತ್ತು ಸುಮಾರು 90 ನಿಮಿಷ, ಕೂಸುಗಳಲ್ಲಿ ಸುಮಾರು 50ರಿಂದ 60 ನಿಮಿಷ. ಸುತ್ತು ಮುಗಿದಾಗ ಎಲ್ಲರಿಗೂ ಒಂದು ಕ್ಷಣ ಎಚ್ಚರ ಆಗಬಹುದು. ನಾವು ಮಗ್ಗಲು ಬದಲಿಸಿ ಮತ್ತೆ ಮಲಗ್ತೀವಿ, ಬೆಳಗ್ಗೆ ನೆನಪೂ ಇರಲ್ಲ.

ಈಗ ಸೀರೆ ಜೋಲಿಯಲ್ಲಿ ತೂಗಿಸಿಕೊಂಡೋ, ಕಾಲ ಮೇಲೆ ಹಾಕಿಸಿಕೊಂಡೋ, ಹೆಗಲ ಮೇಲೋ ನಿದ್ದೆ ಹೋದ ಮಗುವನ್ನ ಯೋಚಿಸಿ. ಸುತ್ತು ಮುಗಿದು ಎಚ್ಚರ ಆದಾಗ ತೂಗು ಇಲ್ಲ, ಅಮ್ಮನ ಹೆಗಲಿಲ್ಲ. ಬಸ್ ನಿಂತಿದೆ! ಅಳುತ್ತೆ, ತೂಗ್ತಾರೆ, ಮಲಗುತ್ತೆ. ಮುಂದಿನ ಸುತ್ತಿಗೆ ಮತ್ತೆ ಅದೇ. ಜೋಲಿಯಲ್ಲಾಗ್ಲಿ ಜೋಗುಳದಲ್ಲಾಗ್ಲಿ ಏನೂ ತಪ್ಪಿಲ್ಲ. ಅದಿಲ್ಲದೇ ನಿದ್ದೆಯೇ ಇಲ್ಲ, ರಾತ್ರಿ ಐದು ಸಲ ಬೇಕು, ಅಮ್ಮನಿಗೆ ತಿಂಗಳುಗಟ್ಟಲೆ ನಿದ್ದೆ ಇಲ್ಲ ಅನ್ನೋ ಹಂತಕ್ಕೆ ಬಂದಾಗ ಮಾತ್ರ ಅದು ತೊಂದರೆ.

4. ಲೂಪ್ ಎರಡು: "ಇನ್ನೊಂದೇ ಒಂದು ಕಥೆ"

ಎರಡು ಮೂರು ವರ್ಷ ದಾಟಿದ ಮಕ್ಕಳದ್ದು ಬೇರೆ ವಿದ್ಯೆ. ನೀರು ಬೇಕು, ಸೂಸು ಬಂತು, ಇನ್ನೊಂದು ಕಥೆ, ಇನ್ನೊಂದು ವಿಡಿಯೋ. ನಾವು ನಾಲ್ಕು ಸಲ ಬೇಡ ಅಂದು ಐದನೇ ಸಲ "ಸರಿ ತಗೋ" ಅಂದ್ರೆ ಮಗು ಕಲಿಯೋದು ಏನು? ಐದು ಸಲ ಕೇಳಿದ್ರೆ ಸಿಗುತ್ತೆ. ನಾಳೆ ಎಂಟನೇ ಸಲಕ್ಕೆ ಕೊಟ್ರೆ ಎಂಟು ಸಲ ಕೇಳಬೇಕು ಅಂತ. ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನವೇ ಅಭ್ಯಾಸವನ್ನ ಅತಿ ಗಟ್ಟಿ ಮಾಡೋದು. ರೀಲ್ಸ್ ಸ್ಕ್ರೋಲ್ ಮಾಡೋ ನಮ್ಮ ಹೆಬ್ಬೆರಳಿಗೆ ಇದನ್ನ ವಿವರಿಸಬೇಕಾಗಿಲ್ಲ.

1959ರಲ್ಲಿ ಸಿ. ಡಿ. ವಿಲಿಯಮ್ಸ್ ಅನ್ನೋರು 21 ತಿಂಗಳ ಒಂದು ಗಂಡುಮಗುವಿನ ಬಗ್ಗೆ ಪುಟ್ಟ ವರದಿ ಬರೆದ್ರು. ಹುಟ್ಟಿದ ಮೊದಲ ಒಂದೂವರೆ ವರ್ಷದಲ್ಲಿ ಹೆಚ್ಚಿನ ಕಾಲ ಆ ಮಗುವಿಗೆ ಕಾಯಿಲೆ ಇತ್ತು, ಹಾಗಾಗಿ ಎಲ್ಲರೂ ಪಕ್ಕದಲ್ಲೇ ಇದ್ದು ಮಲಗಿಸ್ತಿದ್ರು. ಗುಣ ಆದ್ಮೇಲೂ ಬಿಡ್ತಿರಲಿಲ್ಲ. ಮನೆಯವರು ಪ್ರೀತಿಯಿಂದ ಮಲಗಿಸಿ ಹೊರಗೆ ಬಂದು, ಅತ್ತರೂ ಮತ್ತೆ ಒಳಗೆ ಹೋಗಲಿಲ್ಲ. ಮೊದಲ ಸಲ 45 ನಿಮಿಷ ಅಳು. ಹತ್ತನೇ ಸಲದ ಹೊತ್ತಿಗೆ ಅಳುವೇ ಇಲ್ಲ, ನಗ್ತಾ ಮಲಗ್ತಿತ್ತು. ಸುಮಾರು ಒಂದು ವಾರ ಆದ್ಮೇಲೆ ಮಲಗಿಸೋಕೆ ಬಂದ ಅತ್ತೆಯೋ ಚಿಕ್ಕಮ್ಮನೋ ಒಬ್ಬರು ಅಳು ಕೇಳಲಾರದೆ ವಾಪಸ್ ಹೋಗಿ ಪಕ್ಕದಲ್ಲಿ ಕೂತ್ರು. ಒಂದೇ ರಾತ್ರಿ! ಇಡೀ ಪ್ರಕ್ರಿಯೆ ಮೊದಲಿನಿಂದ ಮತ್ತೆ ಮಾಡಬೇಕಾಯ್ತು.

ನಮ್ಮ ಮನೆಗಳಲ್ಲಿ ಅಜ್ಜಿ, ತಾತ, ಚಿಕ್ಕಪ್ಪ, ಅತ್ತೆ ಎಲ್ಲರೂ ಇರ್ತಾರೆ. ಹಾಗಾಗಿ ಮೊದಲ ನಿಯಮ: ಎಲ್ಲರೂ ಒಂದೇ ಪ್ರೋಟೋಕಾಲ್. ಅಮ್ಮ ಒಂದು, ಅಜ್ಜಿ ಇನ್ನೊಂದು ಮಾಡಿದ್ರೆ ಯಾವುದೂ ಕೆಲಸ ಮಾಡಲ್ಲ.

5. ಹಾಗಾದ್ರೆ ಏನು ಮಾಡಬೇಕು?

*ಹಂತ 1: ಡೇಟಾ.* ಒಂದರಿಂದ ಎರಡು ವಾರ ಡೈರಿ ಬರೀರಿ. ಹಾಸಿಗೆಗೆ ಹೋದ ಸಮಯ, ನಿದ್ದೆ ಹತ್ತಿದ ಸಮಯ, ರಾತ್ರಿ ಎದ್ದಿದ್ದು, ಬೆಳಗ್ಗೆ ಎದ್ದಿದ್ದು, ಹಗಲು ನಿದ್ದೆ. ನಮ್ಮ ಅಕ್ಕನ ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಅಕ್ಕ ಬರೆದು ಕಳಿಸಿದ ಸರಾಸರಿ ಹೀಗಿತ್ತು: ರಾತ್ರಿ 8:30ಕ್ಕೆ ಹಾಸಿಗೆ, 10:30ಕ್ಕೆ ನಿದ್ದೆ, ಮಧ್ಯೆ ಒಟ್ಟು 30 ನಿಮಿಷ ಎಚ್ಚರ, ಬೆಳಗ್ಗೆ 6:45ಕ್ಕೆ ಏಳೋದು. ಸಂಜೆ 4ರಿಂದ 5:30 ನಿದ್ದೆ. ಹಾಸಿಗೆಯಲ್ಲಿ ಕಳೆದದ್ದು 615 ನಿಮಿಷ, ನಿದ್ದೆ 465 ನಿಮಿಷ. ಎಫಿಷಿಯೆನ್ಸಿ ಸುಮಾರು ಶೇ. 76. ಹಗಲಿನದೂ ಸೇರಿಸಿದ್ರೆ ಒಟ್ಟು ಒಂಬತ್ತೂಕಾಲು ಗಂಟೆ. ಬೇಕಾದ್ದು ಕನಿಷ್ಠ 10.

*ಹಂತ 2: ರೊಟೀನ್.* ಪ್ರತಿ ರಾತ್ರಿ ಅದೇ ಮೂರು ನಾಲ್ಕು ಕೆಲಸ, ಅದೇ ಕ್ರಮದಲ್ಲಿ, ಅರ್ಧ ಗಂಟೆಯೊಳಗೆ. ಬಿಸಿನೀರಿನ ಸ್ನಾನ, ಮೈಗೆ ಸ್ವಲ್ಪ ಎಣ್ಣೆ ಸವರೋದು, ಒಂದು ಕಥೆ, ಲೈಟ್ ಆಫ್. ಜೋಡಿ ಮಿಂಡೆಲ್ ಮತ್ತು ಜೊತೆಗಾರರು 2009ರಲ್ಲಿ 405 ತಾಯಂದಿರ ಜೊತೆ ಮಾಡಿದ ಅಧ್ಯಯನದಲ್ಲಿ ಸ್ನಾನ, ಮಸಾಜ್, ಶಾಂತ ಚಟುವಟಿಕೆ ಇಷ್ಟನ್ನೇ ಎರಡು ವಾರ ಪಾಲಿಸಿದ್ದಕ್ಕೆ ಮಕ್ಕಳು ಬೇಗ ಮಲಗಿದ್ರು, ರಾತ್ರಿ ಏಳೋದು ಕಡಿಮೆ ಆಯ್ತು, ಅಮ್ಮಂದಿರ ಮನಸ್ಸೂ ಹಗುರ ಆಯ್ತು.

*ಹಂತ 3: ಸಮಯ ಹಿಂದಕ್ಕೆ ಜರುಗಿಸೋದು.* ಇದು ಕೇಳೋಕೆ ಉಲ್ಟಾ ಅನ್ನಿಸುತ್ತೆ. ಮಗು ಹತ್ತೂವರೆಗೇ ಮಲಗುತ್ತೆ ಅಂದ್ರೆ ಕೆಲವು ದಿನ ಹತ್ತೂವರೆಗೇ ಹಾಸಿಗೆಗೆ ಕಳಿಸಿ. ಹೇಗಿದ್ರೂ ಮುಂಚೆ ಮಲಗ್ತಿರಲಿಲ್ಲ, ನಷ್ಟ ಇಲ್ಲ. ಆದ್ರೆ ಈಗ ಹಾಸಿಗೆಗೆ ಹೋದ ತಕ್ಷಣ ನಿದ್ದೆ ಬರುತ್ತೆ, ಜಗಳ ಮಾಯ ಆಗುತ್ತೆ. ಬೆಳಗ್ಗೆ ಏಳೋ ಸಮಯ ಮಾತ್ರ ಭಾನುವಾರವೂ ಬದಲಾಗಬಾರದು. ಎರಡು ರಾತ್ರಿ 15-20 ನಿಮಿಷದೊಳಗೆ ಮಲಗಿದ್ರೆ 15 ನಿಮಿಷ ಹಿಂದಕ್ಕೆ ತನ್ನಿ. 10:30ರಿಂದ 9:00ಕ್ಕೆ ಬರೋಕೆ 6 ಹೆಜ್ಜೆ, ಅಂದ್ರೆ ಕನಿಷ್ಠ 12 ರಾತ್ರಿ. ಅಕ್ಕನ ಮನೆಯಲ್ಲಿ ಮೂರು ವಾರ ಹಿಡೀತು, ಮಧ್ಯೆ ಒಂದು ಮದುವೆ ಬಂದಿತ್ತು. ಸಂಜೆ ನಿದ್ದೆಯನ್ನ ಮಧ್ಯಾಹ್ನ ಊಟ ಆದ ಕೂಡಲೇ ಮಾಡಿದ್ದೂ ಸಹಾಯ ಮಾಡ್ತು.

*ಹಂತ 4: ಕೊನೆಯ ಮೀಟರ್ ಮಗುವಿನದ್ದು.* ಮಂಪರಿನಿಂದ ನಿದ್ದೆಗೆ ಜಾರೋ ಆ ಕೊನೆಯ ಹೆಜ್ಜೆಯನ್ನ ಮಗು ತಾನೇ ಇಡಬೇಕು. ಪಾಶ್ಚಾತ್ಯ ಪುಸ್ತಕಗಳು ಮಗುವಿಗೆ ಬೇರೆ ರೂಮ್ ಇದೆ ಅಂದುಕೊಂಡೇ ಬರೆದಿರ್ತವೆ. ನಮ್ಮಲ್ಲಿ ಒಂದೇ ಹಾಲ್‌ನಲ್ಲಿ ಸಾಲಾಗಿ ಚಾಪೆ ಹಾಸಿ ಐದು ಜನ ಮಲಗ್ತೀವಿ, ಗೋಡೆಯಾಚೆ ಪಕ್ಕದ ಮನೆಯವರು. ಅಲ್ಲಿ "ಅಳಲಿ ಬಿಡಿ" ಅನ್ನೋದು ನಡೆಯಲ್ಲ, ನಡೆಸಬೇಕಾಗೂ ಇಲ್ಲ. ಜೊತೆಗೇ ಮಲಗಿ. ಮೊದಲ ನಾಲ್ಕು ದಿನ ತೂಗೋದರ ಬದಲು ಬೆನ್ನು ತಟ್ಟಿ. ಆಮೇಲೆ ಕೈ ಸುಮ್ಮನೆ ಇಟ್ಟಿರಿ. ಆಮೇಲೆ ಕೈ ತೆಗೆದು ಪಕ್ಕದಲ್ಲಿರಿ. ರಾತ್ರಿ ಎದ್ದಾಗಲೂ ಅದೇ ಹಂತ, ಹಿಂದಿನದಕ್ಕೆ ಹೋಗಬೇಡಿ. ಗುರಿ ಬೇರೆ ರೂಮ್ ಅಲ್ಲ, ತೂಗದೇ ನಿದ್ದೆ.

*ಹಂತ 5: ಪಾಸ್.* ಮೂರು ವರ್ಷ ದಾಟಿ ಪದೇ ಪದೇ ಎದ್ದು ಬರೋ ಮಕ್ಕಳಿಗೆ 1999ರಲ್ಲಿ ಪ್ಯಾಟ್ರಿಕ್ ಫ್ರೈಮನ್ ಮತ್ತು ಸಂಗಡಿಗರು ಒಂದು ಉಪಾಯ ವರದಿ ಮಾಡಿದ್ರು. ರಾತ್ರಿಗೆ ಒಂದು ಕಾರ್ಡ್. ಅದು ಕೊಟ್ಟು ಒಂದು ಸಲ ನೀರಿಗೋ ಅಪ್ಪುಗೆಗೋ ಬರಬಹುದು, ಆಮೇಲೆ ಇಲ್ಲ. ನಮ್ಮ ಹಾಸ್ಟೆಲ್ ಔಟ್‌ಪಾಸ್ ಥರಾನೇ, ಆದ್ರೆ ವಾರ್ಡನ್ ಸಹಿ ಬೇಡ.

ಇನ್ನು ಹಠ ಬಿಡಿಸುವಾಗ ಮೊದಲ ಕೆಲವು ರಾತ್ರಿ ಅಳು ಜಾಸ್ತಿ ಆಗಬಹುದು. ಲಿಫ್ಟ್ ಬಟನ್ ಕೆಲಸ ಮಾಡದಿದ್ರೆ ನಾವು ಇನ್ನೂ ಜೋರಾಗಿ ಒತ್ತಲ್ವಾ, ಹಾಗೆ. ಎಷ್ಟೋ ಮನೆಗಳಲ್ಲಿ ಆ ಹಂತದಲ್ಲೇ ಕೈಬಿಡ್ತಾರೆ.

ಇದೆಲ್ಲ ಕೆಲಸ ಮಾಡುತ್ತಾ? 2006ರಲ್ಲಿ 52 ಅಧ್ಯಯನಗಳನ್ನ ಒಟ್ಟಿಗೆ ಪರಿಶೀಲಿಸಿದ್ರು. ಶೇ. 94 ಅಧ್ಯಯನಗಳಲ್ಲಿ ಇಂಥ ವಿಧಾನಗಳು ಫಲ ಕೊಟ್ಟಿದ್ವು, ಶೇ. 80ಕ್ಕಿಂತ ಹೆಚ್ಚು ಮಕ್ಕಳಲ್ಲಿ ಸ್ಪಷ್ಟ ಸುಧಾರಣೆ. ಮಗುವಿನ ಮನಸ್ಸಿಗೆ ಹಾನಿ ಆಗುತ್ತಾ ಅಂತ ಭಯಪಡೋರಿಗೆ: ಆಸ್ಟ್ರೇಲಿಯಾದಲ್ಲಿ ಏಳೆಂಟು ತಿಂಗಳಲ್ಲಿ ಇಂಥ ಸಹಾಯ ಪಡೆದ ಮಕ್ಕಳನ್ನ 6 ವರ್ಷ ಆದಾಗ ಮತ್ತೆ ನೋಡಿದ್ರು. ಮನಸ್ಸಿಗಾಗ್ಲಿ, ತಾಯಿ ಮಗುವಿನ ಸಂಬಂಧಕ್ಕಾಗ್ಲಿ ಯಾವ ಹಾನಿಯೂ ಕಾಣಲಿಲ್ಲ. ಅದು ಪ್ರಕಟ ಆಗಿದ್ದು 2012ರಲ್ಲಿ. ಆರು ತಿಂಗಳೊಳಗಿನ ಕೂಸುಗಳಿಗೆ ಮಾತ್ರ ಅಳು ನಿರ್ಲಕ್ಷಿಸೋ ವಿಧಾನ ಬೇಡವೇ ಬೇಡ.

6. ಸಿರಪ್ ಬೇಡ, ಯಾಕೆ?

ಅಕ್ಕನಿಗೆ ಪಕ್ಕದ ಮನೆಯವರು "ಶೀತದ ಸಿರಪ್ ಒಂದು ಮುಚ್ಚಳ ಹಾಕಿ, ಹಾಯಾಗಿ ಮಲಗುತ್ತೆ" ಅಂದಿದ್ರಂತೆ. ಅಕ್ಕ ಫೋನ್ ಮಾಡಿ "ಹಾಕ್ಲೇನೇ? ಇವತ್ತೊಂದಿನ?" ಅಂತ ಕೇಳಿದ್ಲು. ಎರಡು ತಿಂಗಳಿಂದ ಸರಿಯಾಗಿ ಮಲಗದ ಅಮ್ಮ ಹೀಗೆ ಕೇಳೋದ್ರಲ್ಲಿ ಆಶ್ಚರ್ಯ ಇಲ್ಲ. "ಬೇಡ ಅಕ್ಕ, ಡಾಕ್ಟರನ್ನ ಕೇಳು" ಅಂದೆ. ಕಾರಣಗಳು ಇವು.

ಒಂದು, ಆ ಸಿರಪ್‌ಗಳಲ್ಲಿ ಮಂಪರು ತರೋದು ಹಳೆ ಕಾಲದ ಅಲರ್ಜಿ ಔಷಧಿಗಳು. 2006ರಲ್ಲಿ ಅಂಥದ್ದೇ ಒಂದು ಔಷಧಿ ಡೈಫೆನ್‌ಹೈಡ್ರಮಿನನ್ನ ರಾತ್ರಿ ಏಳೋ ಕೂಸುಗಳ ಮೇಲೆ ಪರೀಕ್ಷಿಸಿದ್ರು. ಔಷಧಿ ಪಡೆದ 22 ಕೂಸುಗಳಲ್ಲಿ ಸುಧಾರಿಸಿದ್ದು 1, ಬರೀ ಪ್ಲಸೀಬೋ ಪಡೆದ 22ರಲ್ಲಿ 3. ಪ್ರಯೋಗವನ್ನ ಅರ್ಧಕ್ಕೇ ನಿಲ್ಲಿಸಿದ್ರು.

ಎರಡು, ಅಪಾಯ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಶೀತದ ಔಷಧಿಯನ್ನ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಅದನ್ನ ಲೇಬಲ್ ಮೇಲೆ ಬರೀಬೇಕು ಅಂತ ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಹೇಳಿದ್ದಾರೆ. ಶೀತ ಇದ್ದಾಗಲೇ ಹೀಗೆ, ಇನ್ನು ಶೀತವೇ ಇಲ್ಲದ ಮಗುವಿಗೆ ನಿದ್ದೆಗೋಸ್ಕರ ಕೊಡೋದು ಎಲ್ಲಿಯ ಮಾತು?

ಮೂರು, ಮೆಲಟೋನಿನ್ ಗಮ್ಮಿಗಳು. ಆಟಿಸಂನಂಥ ಸಂದರ್ಭಗಳಲ್ಲಿ ಡಾಕ್ಟರ್ ಲೆಕ್ಕ ಹಾಕಿ ಕೊಡೋದುಂಟು. ಆನ್‌ಲೈನಲ್ಲಿ ತರಿಸಿ ನಾವೇ ಕೊಡೋ ವಸ್ತು ಅಲ್ಲ. 2023ರಲ್ಲಿ ಅಮೆರಿಕದಲ್ಲಿ 25 ಗಮ್ಮಿಗಳನ್ನ ಪರೀಕ್ಷಿಸಿದಾಗ 22ರಲ್ಲಿ ಲೇಬಲ್ಲಿಗೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ, ಒಂದರಲ್ಲಂತೂ ಹೇಳಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಅಂದಹಾಗೆ ಮಕ್ಕಳ ನಿದ್ರಾಹೀನತೆಗೆ ಅಂತ ಅಮೆರಿಕದ ಎಫ್‌ಡಿಎ ಒಂದೂ ಔಷಧಿಗೆ ಒಪ್ಪಿಗೆ ಕೊಟ್ಟಿಲ್ಲ.

7. ಯಾವಾಗ ಡಾಕ್ಟರ್ ಹತ್ರ ಹೋಗಲೇಬೇಕು?

ಎಲ್ಲವೂ ಲೂಪ್ ಅಲ್ಲ. ಈ ಕೆಳಗಿನವು ಇದ್ರೆ ಮೊದಲು ಮಕ್ಕಳ ಡಾಕ್ಟರನ್ನ ನೋಡಬೇಕು:

- ವಾರದಲ್ಲಿ ಹಲವು ರಾತ್ರಿ ಗೊರಕೆ, ಬಾಯಲ್ಲಿ ಉಸಿರಾಟ, ಮಧ್ಯೆ ಉಸಿರು ನಿಂತ ಹಾಗಾಗೋದು. ಟಾನ್ಸಿಲ್, ಅಡಿನಾಯ್ಡ್ ಊದಿರಬಹುದು.
- "ಕಾಲು ಒತ್ತು ಅಮ್ಮ", "ಕಾಲಲ್ಲಿ ಇರುವೆ ಹರಿದ ಹಾಗೆ ಆಗುತ್ತೆ" ಅಂತ ಮಲಗೋ ಹೊತ್ತಿಗೆ ಒದ್ದಾಟ. ಕಬ್ಬಿಣಾಂಶ ಕಡಿಮೆ ಇರಬಹುದು, ರಕ್ತದಲ್ಲಿ ಫೆರಿಟಿನ್ ನೋಡ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ, ಹಾಗಾಗಿ ಇದನ್ನ ಸುಮ್ಮನೆ ತಳ್ಳಿಹಾಕಬೇಡಿ.
- ರಾತ್ರಿ ಕೆಮ್ಮು, ಉಬ್ಬಸ, ತುರಿಕೆ, ಹೊಟ್ಟೆನೋವು.
- ತೂಕ ಏರದಿರೋದು, ಮಾತು ಅಥವಾ ಬೆಳವಣಿಗೆ ತಡ ಆಗೋದು, ಮಗು ತುಂಬಾ ಹೆದರಿರೋದು.

ಹೈಸ್ಕೂಲ್ ತಮ್ಮ ತಂಗಿಯರದ್ದು ಬೇರೆ ಕಥೆ. ಹರೆಯದಲ್ಲಿ ಗಡಿಯಾರವೇ ತಡವಾಗಿ ಓಡೋಕೆ ಶುರು ಮಾಡುತ್ತೆ, ಇದು ಸೋಮಾರಿತನ ಅಲ್ಲ. ಅವರಿಗೆ ಬೆಳಗಿನ ಬಿಸಿಲು, ಒಂದೇ ಏಳೋ ಸಮಯ, ಹಾಸಿಗೆಯಲ್ಲಿ ಓದು ಮೊಬೈಲ್ ಬೇಡ ಅನ್ನೋ ನಿಯಮ ಸಹಾಯ ಮಾಡುತ್ತೆ. ಚಿಂತೆಯಿಂದ ನಿದ್ದೆ ಬರದಿದ್ರೆ ಅದಕ್ಕೆ ಮಾತುಕತೆಯ ಚಿಕಿತ್ಸೆ ಇದೆ.

ಕೊನೆಯ ನಿಮಿಷದ ರಿವಿಷನ್

ಮೊದಲು ಮಲಗೋಕೆ ಸಮಯ ಇದೆಯಾ ನೋಡಿ. ಎರಡು ವಾರ ಡೈರಿ. ಗೊರಕೆ, ಕಾಲಿನ ಒದ್ದಾಟ ಇದ್ರೆ ಡಾಕ್ಟರ್. ಸಂಜೆ ನಿದ್ದೆ, ಕಾಫಿ ಬೇಡ. ಏಳೋ ಸಮಯ ಒಂದೇ. ನಿದ್ದೆ ಬರೋ ಹೊತ್ತಿಗೆ ಹಾಸಿಗೆ, ಆಮೇಲೆ 15 ನಿಮಿಷದಂತೆ ಹಿಂದಕ್ಕೆ. ಕೊನೆಯ ಹೆಜ್ಜೆ ಮಗುವಿನದ್ದು. ಮನೆಯವರೆಲ್ಲ ಒಂದೇ ಮಾತು. ಸಿರಪ್ ಇಲ್ಲ.

ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಇಂಥ ಮಗು ಇದ್ರೆ ಡೈರಿ ಬರೆಯೋ ಕೆಲಸ ನೀವು ತಗೊಳ್ಳಿ. ಲ್ಯಾಬ್ ರೆಕಾರ್ಡ್ ಬರೆದು ಬರೆದು ನಮಗೆ ಅಭ್ಯಾಸ ಇದೆ. ಒಂದು ರಾತ್ರಿ ಮಗುವನ್ನ ಮಲಗಿಸೋ ಪಾಳಿಯನ್ನೂ ತಗೊಳ್ಳಿ, ಆ ಅಮ್ಮನೂ ಸ್ವಲ್ಪ ಮಲಗಲಿ.